ಎರಡನೆಯ ಮಿಸ್ ಕಾಲ್

ಸರೋಜವ್ವ ಗಂಡನ ಹೆಸರು ಹೇಳುವವಳಲ್ಲ. ಅದರಲ್ಲೇನು ವಿಶೇಷ, ನಮ್ಮ ಹಾನಗಲ್ ಸೀಮೆಯ ಹಳೆಯ ಹೆಂಗಸರು ಯಾರು ತಾನೇ ಹೇಳುತ್ತಾರೆ ಎನ್ನಬಹುದು. ಆದರೆ ಈಕೆಯದು ಎಲ್ಲರಿಗಿಂತ ಒಂದು ಕೈ ಮೇಲು. ಗಂಡನ ಹೆಸರು ಹೂವಪ್ಪ ಆದದ್ದರಿಂದ ಆಕೆ ಹೂವಿಗೂ ಹೂವು ಎನ್ನುತ್ತಿರಲಿಲ್ಲ. ಅಕ್ಕಿಆಲೂರು ಸಂತೆಯಲ್ಲಿ ಹೂವಿನ ಬುಟ್ಟಿಯ ಮುಂದೆ ನಿಂತು "ಎರಡು ಮೊಳ ಮುಡಿಯೂದು ಕೊಡವಾ" ಎನ್ನುತ್ತಿದ್ದಳು. ಹೂಕೋಸು ಆಕೆಯ ಬಾಯಲ್ಲಿ ಬಿಳೇಕೋಸು. ಕಾಯಿಪಲ್ಲೆ ಮಾರುವವರು ಬೇಕಂತಲೇ "ಯಾವ ಕೋಸ್ರಿ ಅಕ್ಕಾರ, ಬರೋಬ್ಬರಿ ಹೆಸರ ಹೇಳ್ರಲ್ಲ" ಎಂದು ಕಾಡುತ್ತಿದ್ದರು. ಆಕೆ ಬೆರಳು ಮಾಡಿ ತೋರಿಸಿ, ಸೆರಗಿನಲ್ಲಿ ನಕ್ಕು, ಚೀಲಕ್ಕೆ ಹಾಕಿಸಿಕೊಂಡು ಬರುತ್ತಿದ್ದಳು.

ನಾನು ಬಸವೇಶ. ಅಕ್ಕಿಆಲೂರು ಬಸ್ ಸ್ಟ್ಯಾಂಡಿನ ಎದುರು ನನ್ನದೊಂದು ಝೆರಾಕ್ಸ್ ಅಂಗಡಿ. ಹೆಸರಿಗೆ ಝೆರಾಕ್ಸ್, ಮಾಡುವುದು ಊರ ಮಂದಿಗೂ ಕಂಪ್ಯೂಟರಿಗೂ ನಡುವಿನ ದಲ್ಲಾಳಿ ಕೆಲಸ. ಆಧಾರ್ ಲಿಂಕು, ರೇಷನ್ ಕಾರ್ಡು, ಪಹಣಿ, ಗ್ಯಾಸಿನ ಬುಕಿಂಗು ಎಲ್ಲವೂ ನನ್ನ ಕೊರಳಿಗೇ. ಹಿಂದೆ ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಿದ್ದರು. ಈಗ ಪೂಜಾರಿಯೂ ಕೊಟ್ಟಾನು, ಸರ್ವರ್ ಕೊಡುವುದಿಲ್ಲ. ಅದಕ್ಕೆ ಬೈಸಿಕೊಳ್ಳುವವನು ಮಾತ್ರ ನಾನು.

ಹೂವಪ್ಪ ಪಂಪ್‌ಸೆಟ್ಟಿನ ಮೋಟರ್ ರಿಪೇರಿಯವರು. ಸುಟ್ಟ ಮೋಟರ್ ಬಿಚ್ಚಿ, ತಾಮ್ರದ ತಂತಿ ಹೊಸದಾಗಿ ಸುತ್ತಿ ಕೊಡುತ್ತಿದ್ದರು. ಹಾನಗಲ್ಲಿನಿಂದ ಹಿರೇಕೆರೂರಿನವರೆಗೆ ಎಷ್ಟು ಪಂಪ್ ಮನೆಗಳಿವೆಯೋ ಅಷ್ಟರ ಗೋಡೆಗಳ ಮೇಲೂ ಕೆಂಪು ಬಣ್ಣದಲ್ಲಿ 'ಮೋಟರ್ ಸುಟ್ಟರೆ ಹೂವಪ್ಪ' ಎಂದು ಬರೆದು ಕೆಳಗೆ ನಂಬರ್ ಹಾಕಿದ್ದರು. ಬರೆದದ್ದು ಅವರೇ. ಅಕ್ಷರ ಸೊಟ್ಟಗಿದ್ದವು, ಅಂಕಿ ಮಾತ್ರ ಮುತ್ತು ಪೋಣಿಸಿದಂತಿದ್ದವು.

ಗಂಡಹೆಂಡತಿ ನಡುವೆ ಫೋನಿನ ಮಾತೇ ಇರಲಿಲ್ಲ. ಇದ್ದದ್ದು ಮಿಸ್ ಕಾಲು. ಕೆಲಸ ಮುಗಿಸಿ ಬಸ್ಸು ಹತ್ತಿದಾಗ ಒಂದು, ಅಕ್ಕಿಆಲೂರಿನಲ್ಲಿ ಇಳಿದಾಗ ಇನ್ನೊಂದು. ಮೊದಲನೆಯದಕ್ಕೆ ಸರೋಜವ್ವ ಹಿಟ್ಟು ನಾದಿಡುವಳು, ಎರಡನೆಯದಕ್ಕೆ ಹಂಚು ಒಲೆಗೇರಿಸುವಳು. ಬಸ್ಸಿಳಿದವರು ನನ್ನ ಅಂಗಡಿಯ ಕಟ್ಟೆಗೆ ಒಂದು ಕಾಲು ಕೊಟ್ಟು ನಿಂತು ಆ ಎರಡನೆಯ ಮಿಸ್ ಕಾಲ್ ಕೊಡುತ್ತಿದ್ದರು. ಮುಂದೆ ಮಾತು ಪುಕ್ಕಟೆಯಾದ ಕಾಲ ಬಂತು. "ಈಗರ ಮಾತಾಡ್ರಿ ಅಣ್ಣಾರ, ರೊಕ್ಕಾ ಹತ್ತೂದಿಲ್ಲ" ಎಂದೆ.

"ಮಾತಾಡಿ ಏನ್ ಹೇಳೂದೋ ತಮ್ಮಾ? ಬಂದೆ ಅನ್ನೂದು. ಅದನ್ನ ಫೋನಿನ ಗಂಟೀನ ಹೇಳ್ತೈತಿ" ಎಂದರು.

ಹೋದ ವರ್ಷದ ಹಿಂದಿನ ಕಾರ್ತಿಕದಲ್ಲಿ ಅವರು ಹಿರೇಕೆರೂರಿನ ಕಡೆ ಕೆಲಸಕ್ಕೆ ಹೋದವರು ಸಂಜೆ ಬಸ್ಸು ಹತ್ತಿ ಮಿಸ್ ಕಾಲ್ ಕೊಟ್ಟರು. ಸರೋಜವ್ವ ಹಿಟ್ಟು ನಾದಿಟ್ಟಳು. ಎರಡನೆಯ ಮಿಸ್ ಕಾಲ್ ಬರಲಿಲ್ಲ. ಬಸ್ಸು ಹಾನಗಲ್ಲಿಗೆ ಹೋಗಿ ನಿಂತು ಎಲ್ಲರೂ ಇಳಿದ ಮೇಲೆ, ಕಿಟಕಿಗೆ ಒರಗಿ ಕೂತಿದ್ದ ಒಬ್ಬರನ್ನು ಕಂಡಕ್ಟರ್ ಅಲುಗಿಸಿ ನೋಡಿದ. ಮೈ ತಣ್ಣಗಾಗಿತ್ತು. ಎದೆಬಡಿತ ನಿಂತಿದೆ, ಆಗಲೇ ಎರಡು ತಾಸಾಗಿರಬೇಕು ಎಂದರು ಡಾಕ್ಟರು.

ಸರೋಜವ್ವನಿಗೆ ನಾನು ಇವತ್ತಿಗೂ ಹೇಳದ ಮಾತೊಂದಿದೆ. ಆ ಬಸ್ಸು ನನ್ನ ಅಂಗಡಿಯ ಮುಂದೆ ನಿಂತಿತ್ತು. ಕಿಟಕಿಯಲ್ಲಿ ಹೂವಪ್ಪನವರನ್ನು ಕಂಡೆ. ನಿದ್ದೆ ಹತ್ತಿದೆ, ಹಾನಗಲ್ಲಿನಲ್ಲಿ ಏನೋ ಕೆಲಸವಿದ್ದೀತು ಎಂದುಕೊಂಡು ಸುಮ್ಮನಾದೆ. ಕೂಗಿದ್ದರೂ ಉಪಯೋಗವಿರಲಿಲ್ಲ, ನನಗೆ ಗೊತ್ತು. ಗೊತ್ತಿದ್ದರೆ ಸಮಾಧಾನ ಆಗಬೇಕಲ್ಲ, ಆಗುವುದಿಲ್ಲ.

ಹೂವಪ್ಪನವರ ಫೋನನ್ನು ಆಕೆ ದೇವರ ಗೂಡಿನ ಪಕ್ಕದಲ್ಲಿಟ್ಟು ದಿನಾ ಚಾರ್ಜ್ ಮಾಡುತ್ತಿದ್ದಳು. ಫೋನು ಬರುತ್ತಲೇ ಇತ್ತು. ಗೋಡೆಯ ಮೇಲಿನ ಬಣ್ಣಕ್ಕೆ ಸಾವು ತಿಳಿಯುತ್ತದೆಯೇ? ಮೋಟರ್ ಸುಟ್ಟೈತಿ, ಯಾವಾಗ ಬರ್ತೀರಿ ಎಂದು ರೈತರು ಕೇಳುವರು. "ಅವ್ರು ಊರಾಗಿಲ್ರಿ" ಎಂದು ಈಕೆ ಹೇಳುವಳು. ತೀರಿಕೊಂಡರು ಎಂದು ಒಬ್ಬರಿಗೂ ಹೇಳಲಿಲ್ಲ. ಒಮ್ಮೆ ನಾನು ಕೇಳಿಯೇಬಿಟ್ಟೆ. "ಈ ನಂಬರ ಇರೂತನಾ ಅವ್ರನ್ನ ಕೇಳಾವ್ರು ಇರ್ತಾರಪಾ. ನಂಬರ ಹೋತಂದ್ರ ಯಾರ ಕೇಳ್ತಾರ?" ಎಂದಳು.

ಸತ್ತವರ ಸಿಮ್ಮನ್ನು ಬದುಕಿಸಿಡುವುದು ಸಸ್ತಾ ಕೆಲಸವಲ್ಲ. ಊರ ತಿಂಗಳು ಮೂವತ್ತು ದಿನದ್ದು, ಕಂಪನಿಯ ತಿಂಗಳು ಇಪ್ಪತ್ತೆಂಟಕ್ಕೇ ಮುಗಿಯುತ್ತದೆ. ಅವರ ವರ್ಷಕ್ಕೆ ಹದಿಮೂರು ತಿಂಗಳು. ರಿಚಾರ್ಜ್ ಮಾಡದಿದ್ದರೆ ಬರುವ ಕರೆಯೂ ಬಂದ್. ಸರೋಜವ್ವ ಖಡಕ್ ರೊಟ್ಟಿ ಬಡಿದು ಮಾರುವವಳು. ಜೋಳ, ಗ್ಯಾಸು, ಸಿಮ್ಮು ಮೂರೂ ನಾ ಮುಂದು ತಾ ಮುಂದು ಎಂದು ಏರತೊಡಗಿದಾಗ ಆಕೆ ಗ್ಯಾಸು ಬಿಟ್ಟು ಕಟ್ಟಿಗೆ ಒಲೆ ಹೂಡಿದಳು. ಹೊಗೆಗೆ ಕಣ್ಣು ಕೆಂಪಾದವು. ಎರಡೂ ಫೋನಿನ ರಿಚಾರ್ಜ್ ಮಾತ್ರ ತಪ್ಪಲಿಲ್ಲ.

ಆಮೇಲೆ ಕಂಪನಿಯಿಂದ ಒಂದು ಮೆಸೇಜು ಬಂತು. ಸಿಮ್ಮು ಯಾರ ಹೆಸರಿನಲ್ಲಿದೆಯೋ ಅವರು ಹದಿನೈದು ದಿನದೊಳಗೆ ಮುಖ ತೋರಿಸಿ ಖಾತ್ರಿ ಮಾಡಿಸಬೇಕು, ಇಲ್ಲದಿದ್ದರೆ ನಂಬರ್ ರದ್ದು. ಸತ್ತವರ ಮುಖ ಎಲ್ಲಿಂದ ತರುವುದು? ಕಂಪನಿಯ ಆಫೀಸು ಹುಡುಕಿಕೊಂಡು ಇಬ್ಬರೂ ಹಾವೇರಿಗೆ ಹೋದೆವು. ಆಫೀಸಿದ್ದ ಜಾಗದಲ್ಲಿ ಬೇಕರಿ ಬಂದಿತ್ತು. "ಈಗ ಎಲ್ಲಾ ಫೋನಿನ್ಯಾಗ ಆಕ್ಕೈತ್ರಿ" ಎಂದ ಬೇಕರಿಯವನು. ಮರಣ ಪತ್ರ, ಆಕೆಯ ಆಧಾರ್, ಫೋಟೋ ಎಲ್ಲವನ್ನೂ ನಾನೇ ಅಂಗಡಿಯಿಂದ ಕಳಿಸಿದೆ. ಸಿಮ್ಮು ಹೆಂಡತಿಯ ಹೆಸರಿಗೆ ಆಗುತ್ತದೆ, ಕೊನೆಗೆ ಒಂದು ಕರೆ ಬರುತ್ತದೆ, ಅರ್ಜಿದಾರರೇ ಮಾತನಾಡಬೇಕು, ಅವಕಾಶ ಮೂರೇ ಸಲ ಎಂದು ಉತ್ತರ ಬಂತು.

ಕರೆ ಬಂದಾಗ ಆಕೆ ನನ್ನ ಅಂಗಡಿಯಲ್ಲೇ ಕೂತಿದ್ದಳು. ಮನುಷ್ಯರಲ್ಲ, ಯಂತ್ರ. ಯಾವ ಊರಿಗೂ ಸೇರದ ಕನ್ನಡ. "ಮೂಲ ಗ್ರಾಹಕರ ಹೆಸರನ್ನು ಬೀಪ್ ಶಬ್ದದ ನಂತರ ಸ್ಪಷ್ಟವಾಗಿ ಹೇಳಿ."

ಸರೋಜವ್ವ ನನ್ನ ಮುಖ ನೋಡಿದಳು. ಆಮೇಲೆ ಫೋನಿಗೆ ಬಗ್ಗಿ "ನಮ್ಮನಿಯವ್ರ್ರೀ" ಎಂದಳು.

"ಕ್ಷಮಿಸಿ, ನೀವು ಹೇಳಿದ ಹೆಸರು ನಮ್ಮ ದಾಖಲೆಯಲ್ಲಿಲ್ಲ."

ಎರಡನೆಯ ಸಲ ಆಕೆಗೆ ಬಾಯೇ ಬರಲಿಲ್ಲ. ನಾನು ತಡೆಯಲಾರದೆ ಪಕ್ಕದಿಂದ "ಹೂವಪ್ಪ" ಎಂದೆ. ಅರ್ಜಿದಾರರ ಧ್ವನಿ ಅಲ್ಲ ಎಂದು ಅದನ್ನೂ ತಳ್ಳಿಹಾಕಿತು. ಗಂಡು ಹೆಣ್ಣಿನ ಧ್ವನಿ ತಿಳಿಯುವಷ್ಟು ಜಾಣ ಯಂತ್ರ, ಹೆಂಡತಿಯ ಸಂಕಟ ಮಾತ್ರ ತಿಳಿಯದು.

ಮೂರನೆಯ ಕರೆ ಮರುದಿನ ಎಂದಿತು. ನನಗೆ ಸಿಟ್ಟು ನೆತ್ತಿಗೇರಿತ್ತು. ಕಂಪನಿಯ ಮೇಲಿನ ಸಿಟ್ಟನ್ನು ಆಕೆಯ ಮೇಲೆ ಕಾರಿಕೊಂಡೆ. "ಒಂದ್ ಹೆಸರ ಹೇಳಾಕ ಏನ್ ಧಾಡಿ ನಿಮಗ? ಗಂಡನ ಹೆಸರ ಹೇಳಿದ್ರ ಅವ್ನ ಆಯುಷ್ಯ ಕಡಿಮಿ ಆಕ್ಕೈತಿ ಅಂತಾರ. ಇನ್ನೇನ್ ಕಡಿಮಿ ಆಗೂದೈತ್ರಿ ಅಕ್ಕಾ?"

ಆಕೆ ಸಿಟ್ಟಾಗಲಿಲ್ಲ. "ಉಳದೈತೊ ಇಲ್ಲೊ ನನಗೇನ್ ಗೊತ್ತಪಾ" ಎಂದು ಎದ್ದು ಹೋದಳು. ಆ ಮಾತು ಆಡಿದ ನನ್ನ ನಾಲಿಗೆಗೆ ಹುಳ ಬೀಳಲಿ ಎಂದು ಎಷ್ಟು ಸಲ ಅಂದುಕೊಂಡಿದ್ದೇನೋ ಲೆಕ್ಕವಿಲ್ಲ.

ಮರುದಿನ ಮಿಂದು, ಹಸಿರು ಸೀರೆ ಉಟ್ಟು ಬಂದಳು. ಗಂಡ ಹೋದ ಮೇಲೆ ಹಸಿರು ಉಟ್ಟದ್ದು ನಾನು ಕಂಡಿರಲಿಲ್ಲ. "ದಾರಿ ಸಿಕ್ಕೈತಿ. ಒಡಪಿನ್ಯಾಗ ಹೇಳಿದ್ರ ದೋಷಿಲ್ಲ" ಎಂದಳು. ಹೌದಲ್ಲ! ನಮ್ಮ ಕಡೆ ಮದುವೆಯಲ್ಲಿ ಮದುಮಗಳನ್ನು ಬಾಗಿಲಲ್ಲಿ ತಡೆದು ಗಂಡನ ಹೆಸರು ಹೇಳಿಸುತ್ತಾರೆ. ಬರೀ ಹೆಸರು ಹೇಳುವಂತಿಲ್ಲ, ಪದ ಕಟ್ಟಿ, ಅದರ ಕೊನೆಗೆ ಹೆಸರು ಇಟ್ಟು ಹೇಳಬೇಕು. ಅದೇ ಒಡಪು. ಮೂವತ್ತೊಂದು ವರ್ಷದ ಹಿಂದೆ ಹೊಸ್ತಿಲಲ್ಲಿ ನಿಂತು ಹೇಳಿದ್ದನ್ನು ಆಕೆ ಮರೆತಿರಲಿಲ್ಲ. ನನಗೂ ಖುಷಿಯಾಯಿತು. ಮುಂದೇನಾದೀತೆಂದು ನನ್ನ ತಲೆಗೂ ಹೊಳೆಯಲಿಲ್ಲ.

ಬೀಪ್ ಎಂದಿತು. ಸರೋಜವ್ವ ಸೆರಗು ತಲೆಯ ಮೇಲೆಳೆದುಕೊಂಡು, ಕಣ್ಣು ಮುಚ್ಚಿ, ರಾಗವಾಗಿ ಶುರು ಮಾಡಿದಳು.

"ಕೆರಿ ತುಂಬ ನೀರ, ಕಣ ತುಂಬ ಭತ್ತ, ಉಡಿ ತುಂಬ ಅಕ್ಕಿ, ಮುಡಿ ತುಂಬ ಮಲ್ಲಿಗಿ, ಮನಿ ತುಂಬ..."

"ಕ್ಷಮಿಸಿ. ನಿಮ್ಮ ಸಮಯ ಮುಗಿದಿದೆ. ನಿಮ್ಮ ಅರ್ಜಿ ತಿರಸ್ಕೃತವಾಗಿದೆ. ನಮ್ಮ ಸೇವೆ ಬಳಸಿದ್ದಕ್ಕೆ ಧನ್ಯವಾದಗಳು."

ಹೆಸರು ಇನ್ನೂ ಬಾಯೊಳಗೇ ಇತ್ತು. ಆಕೆ ಬಾಯಿ ಮುಚ್ಚಿಕೊಂಡಳು. ಝೆರಾಕ್ಸ್ ಮಾಡಿಸಲು ಬಂದವರು ಯಾರೋ ನಕ್ಕರು, ನಾನು ಅವರ ಮೇಲೆ ಹರಿಹಾಯ್ದೆ.

ಮೂರು ದಿನಕ್ಕೆ ಸಿಮ್ಮು ಸತ್ತಿತು. ಹೂವಪ್ಪನವರು ಎರಡನೆಯ ಸಲ ಹೋದಂತಾಯಿತು.

ಆ ಮೇಲೆ ದಿನಾ ಸಂಜೆ ಹಿರೇಕೆರೂರು ಬಸ್ಸಿನ ಹೊತ್ತಿಗೆ ಸರೋಜವ್ವ ತನ್ನ ಫೋನಿನಿಂದ ಆ ನಂಬರಿಗೆ ಹಚ್ಚುವಳು. ಆಕೆಯ ಫೋನಿನಲ್ಲಿ ಅದು 'ಮನಿಯವರು' ಎಂದು ಇದೆ, ಆಕೆ ಹೇಳಿದಂತೆ ಹಿಂದೆ ನಾನೇ ಹಾಕಿ ಕೊಟ್ಟದ್ದು. ಅತ್ತಲಿಂದ ಒಬ್ಬ ಹೆಂಗಸು ಒಂದೇ ಮಾತು ಹೇಳುತ್ತಿದ್ದಳು. "ಅಸ್ತಿತ್ವದಲ್ಲಿಲ್ಲ ಅಂತಾಳ ಅಕಿ. ಹಂಗಂದ್ರೇನಪಾ?" ಎಂದು ನನ್ನನ್ನು ಕೇಳಿದಳು. "ಸದ್ಯಕ ಸಿಗೂದಿಲ್ಲ ಅಂತ" ಎಂದು ಸುಳ್ಳು ಹೇಳಿದೆ. ಆ ಸುಳ್ಳಿನ ಮೇಲೆ ಆಕೆ ಏಳೆಂಟು ತಿಂಗಳು ಕಳೆದಳು.

ಕಳೆದ ಶ್ರಾವಣದ ಒಂದು ಸಂಜೆ, ಎಂದಿನಂತೆ ರೊಟ್ಟಿ ಕಟ್ಟಿಸಿಕೊಳ್ಳಲು ಆಕೆಯ ಮನೆಗೆ ಹೋದೆ. ಹೊಸ್ತಿಲಲ್ಲಿ ಕಾಲು ತೊಳೆಯಲು ತಂಬಿಗೆ ನೀರು ಇಟ್ಟಿತ್ತು. ಒಳಗೆ ಊಟಕ್ಕೆ ಎರಡು ಗಂಗಾಳ ಹಾಕಿತ್ತು. ಹಂಚಿನ ಮೇಲೆ ರೊಟ್ಟಿ ಉಬ್ಬುತ್ತಿತ್ತು.

"ಯಾರರ ಬಂದಾರೇನ್ರಿ ಅಕ್ಕಾ?"

ಆಕೆ ತಿರುಗಿ ನೋಡಿದಳು. ಮುಖದಲ್ಲಿ ಹೆದರಿಕೆಯೋ ಹಿಗ್ಗೋ ತಿಳಿಯಲಿಲ್ಲ. "ಬಸ್ ಇಳದಾರಪಾ" ಎಂದಳು.

ಬಾಗಿಲ ಕಡೆ ಬೆನ್ನು ಮಾಡಿ ನಿಂತಿದ್ದವನು ಗೋಡೆಗೆ ಸರಿದೆ. ಆಕೆ ಹಿಟ್ಟಿನ ಕೈಯಲ್ಲೇ ಫೋನು ತೋರಿಸಿದಳು. ಮನಿಯವರು, ಮಿಸ್ ಕಾಲ್ ಒಂದು. ಇವತ್ತಿನದೇ, ಹಿರೇಕೆರೂರು ಬಸ್ಸಿನ ಹೊತ್ತಿನದೇ. ಎಂದಿನಂತೆ ಆಕೆ ಹಚ್ಚಿದ್ದಳಂತೆ. ಇವತ್ತು ಆ ಹೆಂಗಸು ಮಾತಾಡಲಿಲ್ಲ, ಗಂಟೆ ಹೊಡೆಯಿತು. ಹೆದರಿ ಫೋನು ಕತ್ತರಿಸಿದಳಂತೆ. ಗಳಿಗೆ ಬಿಟ್ಟು ಅತ್ತಲಿಂದ ಒಂದೇ ಗಂಟೆ ಬಂತು, ನಿಂತಿತು.

ಆಗಿದ್ದೇನೆಂದು ನನಗೆ ಹೊಳೆಯಿತು. ರದ್ದಾದ ನಂಬರನ್ನು ಕಂಪನಿಯವರು ಬೇರೆ ಯಾರಿಗೋ ಮಾರಿದ್ದರು. ಆ ಯಾರೋ ತನಗೆ ಬಂದ ಮಿಸ್ ಕಾಲಿಗೆ ನಮ್ಮೂರ ರೀತಿಯಲ್ಲೇ ಮಿಸ್ ಕಾಲ್ ಕೊಟ್ಟಿದ್ದ. ಹೊಳೆದರೂ ಅದನ್ನು ಆ ಎರಡು ಗಂಗಾಳದ ಮುಂದೆ ಹೇಳುವುದು ಹೇಗೆ? ಹೇಳಲಾರದೆ ಅದೇ ಫೋನಿನಿಂದ ಹಚ್ಚಿ, ಇಬ್ಬರಿಗೂ ಕೇಳುವಂತೆ ಇಟ್ಟೆ.

"ಹಲೋ, ಹಿರೇಕೆರೂರಿಂದ ಮುಸ್ತಾಕ್ರಿ. ನಿಮ್ಮ ಮಿಸ್ ಕಾಲ್ ಇತ್ತು, ನಾನೂ ಒಂದು ಕೊಟ್ಟೆ. ನಿಮ್ದೂ ಮೋಟರ್ ಸುಟ್ಟೈತೇನ್ರಿ?" ಹಿಂದೆ ಲಾರಿಗಳ ಸದ್ದಿತ್ತು. "ನಾ ಹಮಾಲ್ರಿ, ಗೋವಿನಜ್ವಾಳದ ಚೀಲಾ ಹೊರಾಂವ. ಈ ಸಿಮ್ಮು ಚಾಲೂ ಆಗಿದ್ದ ಇವತ್ತ ಮುಂಜಾನೆ, ಆಗಿಂದ ಹೂವಪ್ಪ ಎಲ್ಲಿ, ಹೂವಪ್ಪ ಎಲ್ಲಿ ಅಂತ ಮಂದಿ ಜೀವಾ ತಿನ್ನಾಕತ್ತಾರ. ಯಾರ್ರೀ ಅವ್ರು?"

ಸರೋಜವ್ವನ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ. ರೊಟ್ಟಿ ಹಂಚಿನ ಮೇಲೆ ಸೀಯುತ್ತಿತ್ತು. ನಾನು ಏನಾದರೂ ಹೇಳುವ ಮೊದಲೇ ಆಕೆ ಫೋನು ಇಸಿದುಕೊಂಡಳು. ಸೆರಗು ತಲೆಯ ಮೇಲೆಳೆದುಕೊಂಡಳು.

"ಕೆರಿ ತುಂಬ ನೀರ, ಕಣ ತುಂಬ ಭತ್ತ, ಉಡಿ ತುಂಬ ಅಕ್ಕಿ, ಮುಡಿ ತುಂಬ ಮಲ್ಲಿಗಿ, ಮನಿ ತುಂಬ ನಮ್ಮ ಹೂವಪ್ಪನವರ."

ಮುಸ್ತಾಕ ನಡುವೆ ಕತ್ತರಿಸಲಿಲ್ಲ. ಆಮೇಲೆ ಅವನ ದನಿ ಇಳಿದಿತ್ತು.

"ನೀವು ಅವ್ರ ಮನಿಯವ್ರೇನ್ರಿ ಅವ್ವಾ?"

"ಹೌದಪಾ."

"ಯಾರರ ಕೇಳಿದ್ರ ಏನ್ ಹೇಳ್ಲಿರಿ? ಎಲ್ಲಿ ಅದಾರ್ರಿ ಈಗ ಅವ್ರು?"

ಆಕೆ ಬಾಗಿಲ ಬಳಿಯ ತಂಬಿಗೆಯನ್ನು ನೋಡಿದಳು. "ಬಸ್ಸಿನ್ಯಾಗ ಅದಾರಪಾ. ಇನ್ನೂ ಇಳದಿಲ್ಲ. ಇಳದ ಕೂಡ್ಲೆ ಮಿಸ್ ಕಾಲ್ ಕೊಡ್ತಾರ" ಎಂದಳು.

"ಆತ್ರಿ ಅವ್ವಾ. ಹಂಗ ಹೇಳ್ತೇನ್ರಿ" ಎಂದ ಮುಸ್ತಾಕ.

ಎರಡನೆಯ ಗಂಗಾಳದ ರೊಟ್ಟಿಯನ್ನೂ ಆಕೆ ನನ್ನ ಗಂಟಿಗೇ ಕಟ್ಟಿದಳು. ಮನೆಗೆ ತಂದು, ಮುರಿಯದೆ ಹಾಗೇ ಎತ್ತಿಟ್ಟೆ.

ಮೊನ್ನೆ ಕೆಲಸದ ಮೇಲೆ ಹಿರೇಕೆರೂರಿಗೆ ಹೋಗುವಾಗ ದಾರಿಯ ಪಂಪ್ ಮನೆಯೊಂದರ ಮೇಲೆ ಆ ಕೆಂಪು ಅಂಕಿಗಳು ಕಂಡವು. ಮಳೆಗೆ ಹೂವಪ್ಪ ಎಂಬ ಅಕ್ಷರ ಮಾಸಿದೆ, ಅಂಕಿ ಹಾಗೇ ಇವೆ. ಗಾಡಿ ನಿಲ್ಲಿಸಿದೆ. ಯಾಕೆಂದು ಕೇಳಿದರೆ ಹೇಳಲಾರೆ, ನನ್ನ ಫೋನಿನಿಂದ ಹಚ್ಚಿದೆ.

"ಹೂವಪ್ಪನವ್ರೇನ್ರಿ?" ನಾನು ಬಾಯಿ ತೆರೆಯುವ ಮೊದಲೇ ಮುಸ್ತಾಕ ಹೇಳಿದ. "ಬಸ್ಸಿನ್ಯಾಗ ಅದಾರ್ರಿ. ಇನ್ನೂ ಇಳದಿಲ್ಲ."

ಗೊತ್ತು ಮಾರಾಯಾ, ನಾನು ಕಿಟಕಿಯಲ್ಲಿ ನೋಡಿದ್ದೇನೆ ಎನ್ನಬೇಕೆಂದುಕೊಂಡೆ. ಎನ್ನಲಿಲ್ಲ, ಫೋನು ಇಟ್ಟೆ. ಈಗ ಸಂಜೆ ಹಿರೇಕೆರೂರು ಬಸ್ಸು ಬಂದು ನಿಂತಾಗ ಮಷೀನು ಬಂದ್ ಮಾಡಿ ಕಟ್ಟೆಗೆ ಬರುತ್ತೇನೆ. ಕಿಟಕಿಗೆ ಒರಗಿ ನಿದ್ದೆ ಹೋದವರು ಯಾರಾದರೂ ಕಂಡರೆ, ಪರಿಚಯ ಇರಲಿ ಬಿಡಲಿ, ಗಾಜು ಬಡಿದು ಎಬ್ಬಿಸುತ್ತೇನೆ.