ದೊಡ್ಡಮ್ಮ ಗುಲಾಬಿ ಎಂದರೆ ನೀಲಿ

ಕೆಲಸಕ್ಕೆ ತೆಗೆದುಕೊಂಡ ದಿನ ಯಜಮಾನರು ಫೋನಿನಲ್ಲಿ, "ನಾಳೆಯಿಂದ ಪ್ರಾಂಪ್ಟ್ ಬರೀಬೇಕು" ಎಂದರು. ನನ್ನ ಕಿವಿಗೆ ಅದು "ಪ್ರಾಂಪ್ಟ್ ಬರಬೇಕು", ಅಂದರೆ ಹೊತ್ತಿಗೆ ಸರಿಯಾಗಿ ಬರಬೇಕು ಎಂದು ಕೇಳಿಸಿತು. ಹಿಂದಿನ ಕೆಲಸಗಳಲ್ಲೂ ಮೊದಲ ದಿನ ಎಲ್ಲರೂ ಹೇಳುತ್ತಿದ್ದದ್ದು ಅದನ್ನೇ. ಹಾಗಾಗಿ ಮರುದಿನ ಏಳೂವರೆಗೇ ಹೋಗಿ ಟೈಲ್ಸ್ ಕಾರ್ಖಾನೆಯ ಮುಚ್ಚಿದ ಬಾಗಿಲ ಮುಂದೆ ಸಿಪಾಯಿಯಂತೆ ನಿಂತೆ. ಬೀಗ ತೆಗೆಯಲು ಬಂದ ಹೆಂಗಸು ನನ್ನನ್ನು ಮೇಲಿಂದ ಕೆಳಗೆ ನೋಡಿ, ಕಂಪ್ಯೂಟರಿಗೆ ಬರೆದು ಹೇಳಿ ಚಿತ್ರ ಮಾಡಿಸುವವನು ನೀನೇನಾ, ಅದಕ್ಕೆ ಹತ್ತಕ್ಕೆ ಬಂದರೆ ಸಾಕಿತ್ತಲ್ಲ ಎಂದರು. ನನ್ನ ಕೆಲಸ ಏನೆಂದು ನನಗೆ ತಿಳಿದದ್ದು ಹಾಗೆ.

ಅವರನ್ನು ಎಲ್ಲರೂ ಕರೆಯುವುದು ದೊಡ್ಡಮ್ಮ ಎಂದೇ. ಇಪ್ಪತ್ತೆಂಟು ವರ್ಷಗಳಿಂದ ಆ ಕಾರ್ಖಾನೆಯ ಹಿಂದಿನ ಕೋಣೆಯಲ್ಲಿ ಕೂತು, ಅಂಗೈಯಗಲದ ಟೈಲ್ಸ್ ಮೇಲೆ ಹೂಬಳ್ಳಿ ಬಿಡಿಸುತ್ತಾರೆ. ಕುಂಚ ಓಡುವಾಗ ಮಾತನಾಡಿಸಿದವರ ಗ್ರಹಚಾರವನ್ನೂ ಬಿಡಿಸುತ್ತಾರೆ.

ಆ ವಾರ ಒಂದು ಹೋಟೆಲಿನವರು, ಈ ಟೈಲ್ಸ್ ಹಾಕಿದರೆ ತಮ್ಮ ಗೋಡೆ ಹೇಗೆ ಕಾಣುತ್ತದೆಂದು ಚಿತ್ರ ಕೇಳಿದ್ದರು. ಒಪ್ಪಿದರೆ ವರ್ಷವಿಡೀ ಕೆಲಸ. ಒಪ್ಪದಿದ್ದರೆ ಹಿಂದಿನ ಕೋಣೆ ಖಾಲಿ ಮಾಡಿಸಿ ಅಲ್ಲಿ ಹೂಬಳ್ಳಿ ಅಚ್ಚೊತ್ತುವ ಯಂತ್ರ ಕೂರಿಸುವುದಾಗಿ ಯಜಮಾನರು ಹೇಳಿಬಿಟ್ಟಿದ್ದರು. ದೊಡ್ಡಮ್ಮನನ್ನೇ ಕೇಳಿಕೊಂಡು ಬರೆ ಎಂದೂ ಹೇಳಿದ್ದರು.

ಕೇಳಿದೆ. ಗುಲಾಬಿ ಬಣ್ಣದ ಹೂವು, ಕಪ್ಪು ಎಲೆ, ಬಿಳಿ ಹಿನ್ನೆಲೆ ಎಂದರು. ಹಾಗೇ ಟೈಪ್ ಮಾಡಿದೆ. ಹಾಗೇ ಒಂದು ಗೋಡೆ ಮೂಡಿತು. ನಾನು ಹಿಗ್ಗಿದೆ. ದೊಡ್ಡಮ್ಮ ಕನ್ನಡಕ ಸರಿಮಾಡಿಕೊಂಡು, ಈ ದರಿದ್ರ ಯಾರದ್ದು ಎಂದರು. ನೀವು ಹೇಳಿದ್ದೇ ಎಂದೆ. ಅವರಿಗೆ ಸಿಟ್ಟು, ನನಗೆ ಗಾಬರಿ. ಗುಲಾಬಿ ಸಾಲದೇನೋ ಎಂದು ಇನ್ನಷ್ಟು ಸುರಿದೆ. ಗೋಡೆ ಐಸ್‌ಕ್ರೀಮ್ ಅಂಗಡಿಯಂತಾಯಿತು.

ಕೊನೆಗೆ ದೊಡ್ಡಮ್ಮ ನನ್ನ ರಟ್ಟೆ ಹಿಡಿದು ತಮ್ಮ ಮೇಜಿಗೆ ಎಳೆದೊಯ್ದರು. ಬಟ್ಟಲಲ್ಲಿದ್ದ ಬಣ್ಣ ನಿಜಕ್ಕೂ ನಸುಗುಲಾಬಿ. ಪಕ್ಕದಲ್ಲಿ, ಅದೇ ಬಣ್ಣದಿಂದ ಬರೆದು ಭಟ್ಟಿಯಲ್ಲಿ ಸುಟ್ಟು ತೆಗೆದ ಟೈಲ್ಸ್: ಹೂವು ಕಡುನೀಲಿ. ಕಪ್ಪು ಬಳಿದಲ್ಲೆಲ್ಲ ಹಸಿರು. ಬೆಂಕಿಗೆ ಹೋಗುವ ಮುಂಚೆ ಕಂಡದ್ದೇ ಅವರಿಗೆ ಬಣ್ಣದ ಹೆಸರು. ಇಷ್ಟು ವರ್ಷ ಕಣ್ಣಲ್ಲಿ ಗುಲಾಬಿ ನೋಡುತ್ತ ಮನಸ್ಸಲ್ಲಿ ನೀಲಿ ಬಿಡಿಸಿದ್ದರು. ಹಾಗಾದರೆ ಹಳದಿ ಎಂದರೆ ಯಾವುದು ಎಂದು ಕೇಳಿದೆ. ಹಳದಿ ಅಂದರೆ ಹಳದಿಯೇ, ಅದಕ್ಕೇನು ರೋಗ ಎಂದರು.

ಆಮೇಲೆ ಅವರ ಮಾತನ್ನು ನಾನೂ ಸುಟ್ಟು ಬರೆಯತೊಡಗಿದೆ: ಗುಲಾಬಿ ಎಂದರೆ ನೀಲಿ, ಕಪ್ಪು ಎಂದರೆ ಹಸಿರು. ಬಳ್ಳಿಯ ತುದಿ ಪಕ್ಕದ ಟೈಲ್ಸಿಗೆ ದಾಟಬೇಕು, ಕುಂಚ ಎತ್ತಿದಲ್ಲಿ ಬಣ್ಣ ತೆಳುವಾಗಬೇಕು ಎಂದರು, ಅದನ್ನೂ ಸೇರಿಸಿದೆ. ಹನ್ನೊಂದನೆಯ ಚಿತ್ರಕ್ಕೆ ಬೈಯಲಿಲ್ಲ. ಅದನ್ನೇ ಕಳಿಸಿದೆವು. ಮೂರನೇ ದಿನ ಹೋಟೆಲಿನವರು ಒಪ್ಪಿದರು. ಹಿಂದಿನ ಕೋಣೆ ಸದ್ಯಕ್ಕೆ ಬಚಾವಾಯಿತು.

ನಾನು ಸುಮ್ಮನಿರಬಹುದಿತ್ತು. ಬಾಯಿ ಕೇಳಲಿಲ್ಲ. "ಅಲ್ಲ ದೊಡ್ಡಮ್ಮ, ನಿಮ್ಮ ಗುಟ್ಟೆಲ್ಲ ಈ ಕಂಪ್ಯೂಟರಿಗೆ ಹೇಳಿಕೊಡ್ತಿದ್ದೀರಲ್ಲ, ನಾಳೆ ಇದೇ ನಿಮ್ಮ ಕೆಲಸ ಕಿತ್ಕೊಂಡ್ರೆ?"

ಅವರು ಕುಂಚ ಒರೆಸುತ್ತ ಹೇಳಿದರು: "ಕಿತ್ಕೊಂಡ್ರೂ ಕಿತ್ಕೋಬಹುದು. ಆದ್ರೆ ಮೊದ್ಲು ಹೋಗೋದು ನಿಂದು ತಮ್ಮಾ. ನಾನು ಹೇಳೋದನ್ನ ಅದಕ್ಕೆ ನಾನೇ ಹೇಳ್ಬಹುದು, ನಡುವೆ ನೀನ್ಯಾಕೆ?"