‘ಗ್ರೇ’ ಅಂದರೆ ಕೋರಾ

ನೀಲವ್ವ, ಹನ್ನೊಂದು ವರ್ಷದ ಹಿಂದೆ ಸೊಲ್ಲಾಪುರದ ವ್ಯಾಪಾರಿಯ ಚೀಟಿಯನ್ನು ನೀನು ತಪ್ಪಾಗಿ ಕೇಳಿಸಿಕೊಳ್ಳಲಿಲ್ಲ. ನಾನು ತಪ್ಪಾಗಿ ಓದಿ ಹೇಳಿದೆ. ಅದು ನನಗೆ ಆಗಲೇ ಗೊತ್ತಾಯಿತು. ಗೊತ್ತಾಗಿಯೂ ಬಾಯಿ ಮುಚ್ಚಿಕೊಂಡು ಕೂತೆ.

ಇಷ್ಟು ವರ್ಷ ಸುಮ್ಮನಿದ್ದವಳು ಈಗೇಕೆ ಎಂದು ಕೇಳುತ್ತೀ. ಮೊನ್ನೆ ನಿಮ್ಮ ನೇಕಾರ ಹೆಣ್ಣುಮಕ್ಕಳ ಸಂಘದವರು ಹೊರಗಿನ ಆರ್ಡರುಗಳನ್ನೆಲ್ಲ ನೀನೇ ನೋಡಿಕೋ ಎಂದು ಕೈಹಿಡಿದು ಕೇಳಿದಾಗ ಒಲ್ಲೆ ಎಂದೆಯಂತೆ. “ಕೇಳಿದ್ದು ನನ್ನ ತಲಿಗೆ ನೆಟ್ಟಗ ಹೋಗೂದಿಲ್ಲವ್ವ, ಒಮ್ಮೆ ಹಂಗ ಮಾಡಿ ಕೆಡಿಸೇನಿ” ಎಂದೆಯಂತೆ. ಅದನ್ನು ಕೇಳಿದ ಮೇಲೆ ಈ ಕಾಗದ ಬರೆಯಲು ಕೂತೆ.

ಅದು ನೀನೇ ಮಾತಾಡಿ ತಂದ ಮೊದಲ ಆರ್ಡರು. ಇಳಕಲ್ಲಿನ ಬಜಾರಿನಲ್ಲಿ ಆ ವ್ಯಾಪಾರಿಗೆ ನಿನ್ನ ಕೈಯ ನೇಯ್ಗೆ ತೋರಿಸಿ, ಸೀರೆಯಲ್ಲ, ಸಾದಾ ಹತ್ತಿ ಬಟ್ಟೆ ನೇಯ್ದು ಕೊಡುತ್ತೇನೆಂದು ಒಪ್ಪಿಸಿ ಬಂದಿದ್ದೆ. ನಿನ್ನ ಗಂಡ ಶಂಕ್ರಪ್ಪಣ್ಣನ ಮಗ್ಗದ ಪಕ್ಕದಲ್ಲಿ ನಿನ್ನದೇ ಒಂದು ಮಗ್ಗ, ನಿನ್ನದೇ ಒಂದು ಗಿರಾಕಿ — ನಿನ್ನ ಮುಖ ಹೇಗೆ ಅರಳಿತ್ತೆಂದು ನನಗೆ ಗೊತ್ತು, ಪಕ್ಕದ ಮನೆಯವಳಲ್ಲವೇ ನಾನು. ವಾರ ಕಳೆದು ನೂಲಿನ ಗಂಟು ಬಂತು, ಅದರ ಜೊತೆ ಇಂಗ್ಲಿಷಿನಲ್ಲಿ ಎರಡು ಸಾಲಿನ ಚೀಟಿ.

“ಅಕ್ಕೋರ, ಏನ ಬರದಾರ ನೋಡ್ರಿ” ಎಂದು ನನ್ನ ಕೈಗಿಟ್ಟೆ, ಸಾಲೆಯಲ್ಲಿ ಇಂಗ್ಲಿಷ್ ಕಲಿಸುವವಳೆಂದು. ಪ್ಲೇನ್ ಕಾಟನ್, ಗ್ರೇ. ಮೇಲಿನ ಸಾಲಿನಲ್ಲಿ ಜಿ-ಆರ್-ಇ-ವೈ, ಕೆಳಗೆ ಜಿ-ಆರ್-ಎ-ವೈ. ಬೂದಿ ಬಣ್ಣದ ಬಟ್ಟೆ ಬೇಕಂತೆ ಎಂದುಬಿಟ್ಟೆ.

ನೀನು ಒಪ್ಪಲಿಲ್ಲ. “ಬಣ್ಣ ಹಾಕ್ರಿ ಅಂತ ಬಾಯಿಲೆ ಹೇಳಿರಲಿಲ್ಲರಿ ಅವರು. ಕೋರಾ ಅರಿವಿ ಅಂತ ಏನರ ಐತೇನು, ಇನ್ನೊಮ್ಮೆ ನೋಡ್ರಿ.”

ಕೋರಾ — ಮಗ್ಗದಿಂದ ಇಳಿದ ಹಾಗೆಯೇ ಇರುವ, ಬಣ್ಣ ಕಾಣದ ಬಟ್ಟೆ. ಸರಿಯಾದ ಉತ್ತರವನ್ನೇ ನೀನು ಅಂಗೈಯಲ್ಲಿ ಇಟ್ಟಿದ್ದೆ. ನಾನೋ, ಪಾಠಕ್ಕೆ ಶುರು ಮಾಡಿದೆ! ‘ಇ’ ಹಾಕಿದರೆ ಇಂಗ್ಲೆಂಡಿನವರ ಸ್ಪೆಲಿಂಗು, ‘ಎ’ ಹಾಕಿದರೆ ಅಮೆರಿಕದವರದು, ಹೇಗೆ ಬರೆದರೂ ಬೂದಿ ಬೂದಿಯೇ ಎಂದೆ. ಅದರ ಮೇಲೆ, “ಇಪ್ಪತ್ತ ವರ್ಷ ಇಂಗ್ಲಿಷ್ ಕಲಿಸೇನಿ, ನನಗ ಹೇಳಾಕ ಬರ್ತಿಯೇನು?” ಎಂದು ನಕ್ಕೆ. ಆ ನಗು ನೆನಪಾದರೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ನನ್ನ ಮಾತು ನಂಬಿ ನೀನು ನೂಲಿಗೆ ಬಣ್ಣ ಹಾಕಿಸಿದೆ. ಹಗಲೆಲ್ಲ ಕೂತು ನೇಯ್ದೆ. ಬಟ್ಟೆ ಹೋದ ದಾರಿಯಲ್ಲೇ ತಿರುಗಿ ಬಂತು. ವ್ಯಾಪಾರಿ ಫೋನಿನಲ್ಲಿ ಕೂಗಾಡಿದ: ನಾವು ಚಿತ್ತಾರ ಒತ್ತಲು ಕೋರಾ ಕೇಳಿದ್ದೆವು, ಬಣ್ಣ ಹಾಕಲು ಯಾರು ಹೇಳಿದರು ಎಂದು.

ಅಂದು ಸಾಲೆ ಬಿಟ್ಟ ಮೇಲೆ ನಾನೊಬ್ಬಳೇ ಉಳಿದು ದೊಡ್ಡ ನಿಘಂಟನ್ನು ತೆಗೆದೆ. ಬೂದು ಬಣ್ಣ — ಅದು ಮೊದಲನೆಯ ಅರ್ಥ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೊಂದು: ಬಟ್ಟೆಯ ವ್ಯಾಪಾರದಲ್ಲಿ, ಬಣ್ಣ ಹಾಕದ, ಬಿಳುಪು ಮಾಡದ ಬಟ್ಟೆ. ಎರಡು ಸ್ಪೆಲಿಂಗು ಗೊತ್ತೆಂದು ಮೆರೆದವಳಿಗೆ ಎರಡನೆಯ ಅರ್ಥ ಗೊತ್ತಿರಲಿಲ್ಲ. ನೇಕಾರರ ಊರಿನಲ್ಲಿ ಹುಟ್ಟಿ ಬೆಳೆದವಳು ನಾನು!

ಹೇಳಬೇಕೆಂದೇ ನಿಮ್ಮ ಮನೆಗೆ ಬಂದೆ. ಖರೆ ನೀಲವ್ವ, ಹೇಳಲೆಂದೇ ಬಂದಿದ್ದೆ. ಹೊಸ್ತಿಲಲ್ಲೇ ಶಂಕ್ರಪ್ಪಣ್ಣನ ಮಾತು ಕೇಳಿಸಿತು. “ನೆಟ್ಟಗ ಕೇಳ್ಕೊಂಡ ಬರಾಕ ಆಗೂದಿಲ್ಲಂದ್ರ ಯಾಕ ಹೋಗ್ತಿ? ಇನ್ನ ಮ್ಯಾಲೆ ಗಿರಾಕಿ ಜೋಡಿ ಮಾತುಕತಿ ಎಲ್ಲಾ ನಾನ ನೋಡ್ತೇನಿ.” ನನ್ನನ್ನು ಕಂಡು ತಿರುಗಿದ. “ನೀವರ ಹೇಳ್ರಿ ಅಕ್ಕೋರ. ನೀವು ಖರೇನ ಬೂದಿ ಅಂದಿದ್ರೇನು?”

ನೀನು ನನ್ನ ಮುಖ ನೋಡಿದೆ.

“ನೆನಪಿಲ್ಲರಿ” ಎಂದೆ ನಾನು.

ಇಷ್ಟೇ. ಇದೊಂದೇ ಮಾತು. ನೀನು ತಲೆ ತಗ್ಗಿಸಿ, “ನಾನ ತಪ್ಪ ಕೇಳಿರ್ಬೇಕು ಬಿಡ್ರಿ. ಕೂಡ್ರಿ ಅಕ್ಕೋರ, ಚಾ ಮಾಡ್ತೇನಿ” ಎಂದೆ. ಆ ಚಹಾ ಕುಡಿದು ಬಂದೆ. ಊರಿಗೆಲ್ಲ ಅಕ್ಕೋರು, ಇಂಗ್ಲಿಷ್ ಅಕ್ಕೋರು — ಆ ಹೆಸರು ಹೋದರೆ ನನ್ನ ಹತ್ತಿರ ಇನ್ನೇನು ಉಳಿಯುತ್ತದೆ ಎಂಬ ಹೆದರಿಕೆ...

ಎಲ್ಲ ತಿಳಿದೇ ನೀನು ನನ್ನ ಮಾನ ಉಳಿಸಿದೆ ಎಂದುಕೊಂಡು ಇಷ್ಟು ವರ್ಷ ಸಮಾಧಾನ ಮಾಡಿಕೊಂಡೆ. ಹಾಗೆ ಅಂದುಕೊಳ್ಳುವುದು ನನಗೆ ಸಲೀಸಾಗಿತ್ತು. ಇಲ್ಲ, ನೀನು ನಿಜವಾಗಿಯೂ ನಿನ್ನದೇ ತಪ್ಪೆಂದು ನಂಬಿದ್ದೀ. ಅಕ್ಕೋರು ಸುಳ್ಳು ಹೇಳಲಾರರು ಎಂದು ನಂಬಿದ್ದೀ.

ಆಮೇಲೆ ನೀನು ನನಗೆ ಮಾಡಿದ್ದು ಒಂದೇ ಎರಡೇ? ನಾನು ಬಚ್ಚಲಲ್ಲಿ ಜಾರಿ ಕಾಲು ಮುರಿದುಕೊಂಡಾಗ ನಲವತ್ತು ದಿನ ಬಿಸಿ ರೊಟ್ಟಿ ತಂದು ಉಣ್ಣಿಸಿದೆ, ಎಣ್ಣೆ ಹಚ್ಚಿ ತಲೆ ಬಾಚಿದೆ. ಬೂದಿ ಬಣ್ಣದ ಆ ಬಟ್ಟೆಯಿಂದಲೇ ಕೌದಿ ಹೊಲಿದು ತಂದು, “ಕಣ್ಣಿಗೆ ತಂಪ ಐತ್ರಿ ಬಣ್ಣ” ಎಂದು ಹೊದಿಸಿದೆ. ಅದರೊಳಗೆ ಮಲಗಿ ನಾನು ಅತ್ತದ್ದು ಕಾಲು ನೋವಿಗಲ್ಲ.

ನಿನ್ನಿಂದ ಇನ್ನೊಂದು ಉಪಕಾರವೂ ಆಗಿದೆ, ನಿನಗೇ ಗೊತ್ತಿಲ್ಲ. ಆ ವರ್ಷದಿಂದ ನಿವೃತ್ತಿಯ ದಿನದವರೆಗೆ, ಮಕ್ಕಳು ಏನಾದರೂ ಕೇಳಿದರೆ “ನನಗೆ ಗೊತ್ತಿಲ್ಲ, ನೋಡಿ ಹೇಳುತ್ತೇನೆ” ಎನ್ನಲು ಕಲಿತೆ. “ನಿಮ್ಮ ಮನೆಯಲ್ಲಿ ಇದಕ್ಕೆ ಏನನ್ನುತ್ತಾರೆ?” ಎಂದು ಅವರನ್ನೇ ಕೇಳಲು ಕಲಿತೆ. ಮಕ್ಕಳು ಈಗಲೂ ದಾರಿಯಲ್ಲಿ ನಿಂತು ಮಾತಾಡಿಸುತ್ತಾರಲ್ಲ, ಅದು ನಿನ್ನ ಪುಣ್ಯ. ನಾನು ಕಲಿತೆ, ನೀನು ಬೈಸಿಕೊಂಡೆ. ನಿನಗೆ ಹೇಗೆ ಕೈಮುಗಿಯಲಿ ನೀಲವ್ವ, ನನಗೆ ತಿಳಿಯುತ್ತಿಲ್ಲ.

ಈ ಕಾಗದವನ್ನು ನಿನ್ನ ಕೈಗಿಟ್ಟು ಓಡಿ ಬರುವುದಿಲ್ಲ. ನಾಳೆ ಮುಂಜಾನೆ ಶಂಕ್ರಪ್ಪಣ್ಣನ ಎದುರು, ಸಂಘದ ಹೆಣ್ಣುಮಕ್ಕಳನ್ನೂ ಕರೆದು, ನಾನೇ ಗಟ್ಟಿಯಾಗಿ ಓದುತ್ತೇನೆ. ಓದಿ ಮುಗಿದ ಮೇಲೆ ಚಹಾ ಇಡಲು ಏಳಬೇಡ. ಮೊದಲು ನನ್ನನ್ನು ಬಾಯಿತುಂಬ ಬೈಯಿ. ಆಮೇಲೆ ಸಂಘದವರ ಕಡೆ ತಿರುಗಿ, ಆರ್ಡರು ನೋಡಿಕೊಳ್ಳಲು ಹೂಂ ಅನ್ನು.