ಮುಂಡಪ್ಪ ಆಳ್ವರು ನೀರು ಉಳಿಸಿದ್ದು

ಮುಂಡಪ್ಪ ಆಳ್ವರು ಬಂಟ್ವಾಳದಲ್ಲಿ ವಿಮೆ ಏಜೆಂಟರಾಗಿ ಆಯುಷ್ಯ ಸವೆಸಿದವರು. ಬೆಂಕಿ, ಕಳ್ಳತನ, ಅಪಘಾತ, ಅಕಾಲ ಮರಣ ಎಂದು ಊರಿಡೀ ಹೆದರಿಸಿ ಹೊಟ್ಟೆ ಹೊರೆದ ಈ ಮಹಾನುಭಾವರು ತಾವು ವಾಸವಿದ್ದ ಮನೆಗೆ ಮಾತ್ರ ವಿಮೆ ಮಾಡಿಸಿರಲಿಲ್ಲ. ಕೇಳಿದರೆ, "ನಮ್ಮ ಮನೆಗೆ ಎಂತ ಆಗ್ತದೆ?" ಎನ್ನುತ್ತಿದ್ದರು. ಆಗುವುದು ಮಳೆಗಾಲ ಬಂದಾಗಲೆಲ್ಲ ಆಗುತ್ತಿತ್ತು. ನೇತ್ರಾವತಿ ತುಂಬಿದರೆ ಅಂಗಳಕ್ಕೆ ಬರುತ್ತಿದ್ದಳು, ಮನಸ್ಸು ಬಂದ ವರ್ಷ ಅಡಿಗೆಮನೆಗೂ.

ಇನ್ನು "ನಮ್ಮ ಮನೆ" ಎನ್ನುವುದೂ ಬಾಯಿಮಾತಿಗೆ. ಮನೆ ಅವರ ಹೆಂಡತಿ ನೀಲಾವತಿಯದು, ತಾಯಿಯ ಕಡೆಯಿಂದ ಪಾಲಿಗೆ ಬಂದದ್ದು. ಅದರ ಜೊತೆಗೆ ಬಂದ ಕೆಲಸವೂ ಅವಳದೇ. ನೀರು ಏರುವಾಗ ಅಕ್ಕಿ, ಹಾಸಿಗೆ, ಮಿಕ್ಸಿ ಎಲ್ಲವನ್ನೂ ಅಟ್ಟಕ್ಕೆ ಹೊರಬೇಕು, ಇಳಿದ ಮೇಲೆ ಕೆಸರು ಗೋರಬೇಕು. ಅರವತ್ತರ ಹತ್ತಿರ ಬಂದ ಅವಳ ಮೊಣಕಾಲು ಇನ್ನು ಸಾಕು ಎಂದಿತು. ಮೂಡುಬಿದಿರೆಯಲ್ಲಿ ಅಕ್ಕನ ಮನೆಯ ಪಕ್ಕ, ಎತ್ತರದ ಜಾಗದಲ್ಲಿ, ಒಂದು ಚಿಕ್ಕ ಮನೆ ಮಾರಾಟಕ್ಕಿತ್ತು. ಮಳೆಗಾಲ ಶುರುವಾಗುವವರೆಗೆ ಕಾಯುತ್ತೇನೆ ಎಂದು ಅದರ ಯಜಮಾನರು ಮಾತು ಕೊಟ್ಟಿದ್ದರು. ಇದನ್ನು ಮಾರಿ ಅದನ್ನು ಕೊಳ್ಳಬೇಕು. ಅವಳಿಗೆ ಬೇಕಿದ್ದದ್ದು ಅಷ್ಟೇ.

"ಮಾರುವ," ಎಂದರು ಆಳ್ವರು. "ಆದ್ರೆ ಹೀಗೇ ಮಾರಿದ್ರೆ ಯಾರು ರೇಟು ಕೊಡ್ತಾರೆ? ಮೊದಲು ಮನೆಯ ವ್ಯಾಲ್ಯೂ ಏರಿಸುವ."

ಈ ಜ್ಞಾನೋದಯವಾದದ್ದು ಮೊಬೈಲಿನಲ್ಲಿ. ಕೋಟು ತೊಟ್ಟ ಒಬ್ಬ ಯುವಕ, ನೀರು ಉಳಿಸುವ ಮನೆಗೆ ಹೆಚ್ಚಿನ ಬೆಲೆ ಸಿಗುತ್ತದೆ ಎಂದು ವಿಡಿಯೋದಲ್ಲಿ ಸಾರಿದ್ದ. ಆತ ಯಾವ ಬರದೂರಿನವನೋ ದೇವರೇ ಬಲ್ಲ. ನದಿಯೇ ಹಿತ್ತಿಲಿಗೆ ಬರುವ ಮನೆಗೂ ಈ ಉಪದೇಶ ಹೊಂದೀತೇ ಎಂದು ಆಳ್ವರು ಯೋಚಿಸಲಿಲ್ಲ. ಯೋಚಿಸುವ ಅಭ್ಯಾಸ ಇದ್ದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

ಮೆಲ್ಕಾರಿನಿಂದ ಪ್ಲಂಬರ್ ಬಂದ. ಭರ್ರೆಂದು ಸುರಿಯುತ್ತಿದ್ದ ನಲ್ಲಿಗಳ ಬಾಯಿಗೆಲ್ಲ ಜಾಲರಿ ಬಿತ್ತು. ಒಂದು ಚೆಂಬು ತುಂಬುವಷ್ಟರಲ್ಲಿ ಒಲೆಯ ಮೇಲಿನ ಒಗ್ಗರಣೆ ಸೀಯತೊಡಗಿತು. ಕಕ್ಕಸಿನ ಫ್ಲಶ್ಶಿಗೆ ಎರಡು ಗುಂಡಿ ಬಂದವು. ಬಂದ ನೆಂಟರು ಯಾವುದನ್ನು ಒತ್ತಬೇಕೆಂದು ತಿಳಿಯದೆ ಎರಡನ್ನೂ ಒತ್ತಿ ಬರುತ್ತಿದ್ದರು. ಪಾತ್ರೆ ತೊಳೆದ ನೀರು ಪೈಪಿನಲ್ಲಿ ಬಾಳೆಯ ಬುಡಕ್ಕೆ ಹೋಯಿತು. ಕೊನೆಗೆ ಬಾವಿಯ ಸರದಿ. ಬಿಸಿಲಿಗೆ ನೀರು ಆವಿಯಾಗಿ ನಷ್ಟವಾಗುತ್ತದಂತೆ! ಅದಕ್ಕೆಂದು ದಪ್ಪ ಕಬ್ಬಿಣದ ತಗಡಿನ ಮುಚ್ಚಳ ಮಾಡಿಸಿ, ಸುತ್ತ ಬೋಲ್ಟು ಬಿಗಿಸಿ ಬೆಸುಗೆ ಹಾಕಿಸಿದರು.

"ಬೆಳಿಗ್ಗೆ ಎದ್ದು ಬಾವಿಗೆ ಒಮ್ಮೆ ಇಣುಕದಿದ್ರೆ ನನಗೆ ಬೆಳಗಾದ ಹಾಗೇ ಆಗುದಿಲ್ಲ," ಎಂದಳು ನೀಲಾವತಿ.

"ಅದೆಲ್ಲ ಹಳೇ ಕಾಲ ಮಾರಾಯ್ತಿ. ಈಗ ವ್ಯಾಲ್ಯೂ ಮುಖ್ಯ."

ಗೋಡೆಯ ಮೇಲೆ ನೆರೆ ಬಿಟ್ಟುಹೋಗಿದ್ದ ಕಂದು ಗೆರೆಗೂ ಬಣ್ಣ ಬಳಿಸಿದರು. "ಕೇಳಿದ್ರೆ ಹೇಳುವ. ಕೇಳದಿದ್ರೆ ನಾವಾಗಿ ಎಂತಕ್ಕೆ ಹೇಳುದು?" ಎಂಬುದು ಅವರ ವೃತ್ತಿಧರ್ಮ. ನೀಲಾವತಿಗೆ ಇದು ಹಿಡಿಸಲಿಲ್ಲ, ಆದರೆ ಮೂಡುಬಿದಿರೆಯ ಆಸೆಗೆ ಬಾಯಿ ಮುಚ್ಚಿಕೊಂಡಳು. ಅದು ಅವಳಿಗೂ ಶೋಭೆ ತರುವ ಮಾತಲ್ಲ.

ಮೇ ತಿಂಗಳಲ್ಲಿ ಮನೆ ನೋಡಲು ಶಾಹುಲ್ ಹಮೀದ್ ಎಂಬವರು ತಾಯಿ ಬೀಯಮ್ಮನನ್ನು ಕರೆದುಕೊಂಡು ಬಂದರು. ಬೆಳ್ತಂಗಡಿ ಕಡೆಯವರು. ಮೆಲ್ಕಾರಿನಲ್ಲಿ ಟಯರ್ ಅಂಗಡಿ ಹಾಕುವ ಯೋಜನೆ, ಅದಕ್ಕೆ ಹತ್ತಿರದಲ್ಲೊಂದು ಮನೆ ಬೇಕಿತ್ತು. ಗುಡ್ಡದ ಮೇಲಿನ ಅವರ ಮನೆಯ ಬಾವಿ ಬೇಸಗೆಯಲ್ಲಿ ಒಣಗುತ್ತಿತ್ತು. ಟ್ಯಾಂಕರಿನ ದಾರಿ ಕಾದು ಕಾದು ರೋಸಿಹೋಗಿದ್ದ ಬೀಯಮ್ಮ, ಮಗನಿಗೆ ಒಂದೇ ಶರತ್ತು ಹಾಕಿದ್ದರು: ನೀರು ಇರಬೇಕು.

ಆಳ್ವರು ಪಡಸಾಲೆ, ಕೋಣೆ ಯಾವುದನ್ನೂ ತೋರಿಸಲಿಲ್ಲ. ನೇರ ನಲ್ಲಿಯ ಬುಡಕ್ಕೆ ಕರೆದೊಯ್ದರು. ಬೀಯಮ್ಮ ಕೊಡಪಾನ ಇಟ್ಟು ನಲ್ಲಿ ತಿರುಗಿಸಿದರು. ನೊರೆನೊರೆಯಾಗಿ ಒಂದಿಷ್ಟು ಬಂತು. ಇನ್ನೂ ತಿರುಗಿಸಿದರು. ಅಷ್ಟೇ ಬಂತು.

"ಬಾವಿ ಎಲ್ಲಿ?" ಎಂದರು.

ಬಾವಿ ತೋರಿಸಿದರು. ಅಂದರೆ ಮುಚ್ಚಳ ತೋರಿಸಿದರು. "ತೆಗಿಯಿರಿ, ನೋಡುವ," ಎಂದಾಗ ಆಳ್ವರು ತಲೆ ಕೆರೆದುಕೊಂಡರು. ಬೋಲ್ಟು ಬಿಚ್ಚಲು ವೆಲ್ಡಿಂಗ್‌ನವನೇ ಬರಬೇಕಿತ್ತು. ಬೀಯಮ್ಮ ಬಾಳೆಯ ಬುಡಕ್ಕೆ ಹೋದ ಪೈಪನ್ನು ನೋಡಿದರು, ಮತ್ತೆ ಮುಚ್ಚಳ ನೋಡಿದರು, ಆಮೇಲೆ ಮಗನ ಕಡೆ ತಿರುಗಿದರು.

"ಬಾ ಮಗಾ, ಹೋಗುವ. ಪಾತ್ರೆ ತೊಳೆದ ನೀರನ್ನೂ ಬಿಡದವರು ಇವರು, ಪಾಪ. ನಮ್ಮಲ್ಲಿಗಿಂತ ಕಷ್ಟ ಉಂಟು ಇಲ್ಲಿ."

ಪಾಪ! ಆಳ್ವರ ಜನ್ಮದಲ್ಲಿ ಅವರನ್ನು ಯಾರೂ ಪಾಪ ಅಂದಿರಲಿಲ್ಲ. ಕಿವಿ ಕೆಂಪಾಯಿತು, ವೃತ್ತಿಧರ್ಮ ಮರೆತುಹೋಯಿತು.

"ನೀರಿಲ್ವಾ? ನಮ್ಮಲ್ಲಿ ನೀರಿಲ್ವಾ? ಜುಲೈಯಲ್ಲಿ ಬಂದು ನೋಡಿ ಅಮ್ಮಾ! ನದಿಯೇ ಒಳಗೆ ಬರ್ತದೆ!" ಎಂದು ಕೂಗಿ, ಅಡಿಗೆಮನೆಗೆ ಓಡಿ, ಹೊಸ ಬಣ್ಣದ ಗೋಡೆಗೆ ಕೈಯಿಟ್ಟು ತೋರಿಸಿದರು. "ಇಲ್ಲಿವರೆಗೆ! ಈ ಸ್ವಿಚ್ಚಿನವರೆಗೆ!"

ಶಾಹುಲ್ ಹಮೀದ್ ನಗು ತಡೆಯಲು ಕರವಸ್ತ್ರ ಬಾಯಿಗೆ ಒತ್ತಿಕೊಂಡರು. ಬೀಯಮ್ಮ ನಗಲಿಲ್ಲ. ಅವರು ನೀಲಾವತಿಯನ್ನು ನೋಡಿದರು.

"ಹೌದಾ ಅಮ್ಮಾ?"

ಅಲ್ಲ ಎಂದರೆ ಇನ್ನೂ ದಾರಿಯಿತ್ತು. ಇವರು ದೊಡ್ಡಮಾತಿನವರು, ನಂಬಬೇಡಿ ಎಂದು ನಕ್ಕಿದ್ದರೆ ಸಾಕಿತ್ತು; ಊರೇ ಅದನ್ನು ಅನುಮೋದಿಸುತ್ತಿತ್ತು. ನೀಲಾವತಿಯ ಕಣ್ಣ ಮುಂದೆ ಮೂಡುಬಿದಿರೆಯ ಮನೆ ಬಂದಿರಬೇಕು. ಆದರೆ ಎದುರಿಗಿದ್ದ ಹೆಂಗಸಿನದೂ ಅವಳಂಥದೇ ಮೊಣಕಾಲು.

"ಹೌದು," ಎಂದಳು. "ಎಲ್ಲ ನಾನೇ ಅಟ್ಟಕ್ಕೆ ಹೊರುದು. ನಿಮಗೆ ಆಗ್ಲಿಕ್ಕಿಲ್ಲ."

ಬೀಯಮ್ಮ ಅವಳ ಕೈ ಹಿಡಿದುಕೊಂಡರು. ಚಾ ಕುಡಿದು ತಾಯಿ ಮಗ ಇಬ್ಬರೂ ಹೊರಟರು, ಮತ್ತೆ ಬರಲಿಲ್ಲ. "ಜನರಿಗೆ ಪರಿಸರದ ಜ್ಞಾನವೇ ಇಲ್ಲ," ಎಂದು ಆಳ್ವರು ಕಂಡಕಂಡವರಲ್ಲಿ ಹೇಳುತ್ತಾ ತಿರುಗಿದರು. ಬೇರೆ ಯಾರೂ ಮನೆ ನೋಡಲು ಬರಲಿಲ್ಲ. ಜೂನ್ ಬಂತು, ಮೂಡುಬಿದಿರೆಯ ಮನೆ ಬೇರೆಯವರ ಪಾಲಾಯಿತು. ಆ ಸುದ್ದಿ ಬಂದ ದಿನ ನೀಲಾವತಿ ಜಗಳವಾಡಲಿಲ್ಲ. ನಾಲ್ಕು ಸೀರೆ ಚೀಲಕ್ಕೆ ತುಂಬಿಕೊಂಡಳು.

"ಮಳೆಗಾಲ ಮುಗಿವವರೆಗೆ ಅಕ್ಕನಲ್ಲಿ ಇರ್ತೇನೆ," ಎಂದಳು.

"ಮತ್ತೆ ಮನೆ?"

"ವ್ಯಾಲ್ಯೂ ಏರಿಸಿದವರು ನೀವಲ್ವಾ? ನೀವೇ ನೋಡಿಕೊಳ್ಳಿ."

ಬಸ್ಸು ಹತ್ತಿಯೇಬಿಟ್ಟಳು. ಮುನಿಸು ಇಳಿದ ಮೇಲೆ ಬರುತ್ತಾಳೆ ಎಂದುಕೊಂಡು ಆಳ್ವರು ಹೋಟೆಲಿನಲ್ಲಿ ಉಂಡು ದಿನ ತಳ್ಳಿದರು. ಅವಳು ಬರಲಿಲ್ಲ, ಜುಲೈಯಲ್ಲಿ ನದಿ ಬಂತು. ಮಧ್ಯಾಹ್ನದ ಹೊತ್ತಿಗೆ ಅಂಗಳ ಮುಳುಗಿ ನೀರು ಜಗಲಿಯನ್ನು ಮುಟ್ಟಿದಾಗ ಅವರು ಹೆಂಡತಿಗೆ ಫೋನ್ ಮಾಡಿದರು.

"ನೀಲಾ, ನೀರು ಜಗಲಿಗೆ ಬಂತು. ಮೊದಲು ಎಂತ ಮೇಲೆ ಇಡುದು?"

"ಪ್ರತಿ ವರ್ಷ ನೋಡಿದ್ದೀರಲ್ಲ?"

ಇಷ್ಟು ವರ್ಷವೂ ನೆರೆ ಬಂದಾಗ ಆಳ್ವರು ಪಂಚೆ ಎತ್ತಿ ಕಟ್ಟಿ, ಗೇಟಿನ ಬಳಿ ನಿಂತು, ಹೋಗಿಬರುವವರಿಗೆ ನದಿಯ ವರದಿ ಒಪ್ಪಿಸುತ್ತಿದ್ದರು. ಒಳಗೆ ಹೆಂಡತಿ ಏನನ್ನು ಮೊದಲು ಹೊತ್ತಳು, ಹೇಗೆ ಹೊತ್ತಳು, ಒಮ್ಮೆಯೂ ತಿರುಗಿ ನೋಡಿರಲಿಲ್ಲ. ನಾಚಿಕೆಯಾಯಿತು ಅವರಿಗೆ, ನಿಜಕ್ಕೂ ಆಯಿತು.

"ಅಕ್ಕಿ," ಎಂದಳು ನೀಲಾವತಿ.

ಅವರು ಫೋನನ್ನು ಸ್ಪೀಕರಿಗಿಟ್ಟು ಅಂಗಿಯ ಜೇಬಿಗೆ ಹಾಕಿ, ಮೂಟೆಯನ್ನು ಹೆಗಲಿಗೆ ಎತ್ತಿಕೊಂಡು ಏಣಿ ಹತ್ತತೊಡಗಿದರು. ಅರ್ಧಕ್ಕೆ ಮೂಟೆ ಜಾರತೊಡಗಿತು. ಅಲ್ಲೇ ಏಣಿಯನ್ನು ತಬ್ಬಿ ನಿಂತು, ಏದುಸಿರಿನಲ್ಲಿ ಜೇಬಿನ ಕಡೆ ಬಗ್ಗಿ ಕೇಳಿದರು:

"ನಿನ್ನ ಅಕ್ಕನಲ್ಲಿ ಇನ್ನೊಬ್ಬರಿಗೆ ಜಾಗ ಉಂಟಾ?"

"ಉಂಟು," ಎಂದಳು ಅವಳು. "ನೀರು ಇಳಿದ ಮೇಲೆ ಕೆಸರು ಗೋರಿ ಬನ್ನಿ."